ಕಣ್ಣಾರೆ ಕಂಡವನು

ಗಾದೆಮ್ಮ ಮರಳಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಶೇಂಗಾ ಸಿಪ್ಪೆ ಆರಿಸುತ್ತಿದ್ದಳು. ಮರಳಲ್ಲಿ ಹೂತವು ಒಂದು ಬುಟ್ಟಿಗೆ, ಮೇಲೆ ಬಿದ್ದವು ಇನ್ನೊಂದಕ್ಕೆ. ಹೆಂಗಸರ ಕಡೆ ಉದುರಿದ್ದ ಹಡಗಲಿ ಮಲ್ಲಿಗೆ ಅವಳ ಉಡಿಗೆ. ಸಿಪ್ಪೆ ಅವ್ವನ ಒಲೆಗೆ ಹೋಗುತ್ತಿತ್ತು. ಒಲೆ ಒಂದಾದರೆ ಬುಟ್ಟಿ ಎರಡು ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆ. ಕೊಟ್ಟೂರಿನ ಟೂರಿಂಗ್ ಟಾಕೀಸಿನ ಡೇರೆಯನ್ನು ಬೆಳಿಗ್ಗೆ ಗುಡಿಸುವುದು ಅವಳ ಕೆಲಸ. ಐದನೆಯ ತರಗತಿಗೆ ಶಾಲೆ ಬಿಟ್ಟವಳು. ಮಾಲೀಕ ಬೆನಕಪ್ಪನ ಎದುರು ವರ್ಷದಲ್ಲಿ ಹತ್ತು ಮಾತು ಆಡಿರಲಿಕ್ಕಿಲ್ಲ.

ಬೆನಕಪ್ಪ ಪತ್ರಿಕೆ ಹಿಡಿದು ಒಳಗೆ ನುಗ್ಗಿದ. "ಲೇ ಹಾಲೇಶ! ಮತ್ತ ಕೊಂದಾನಲೇ ನನ್ನ!"

ಪ್ರೊಜೆಕ್ಟರ್ ಓಡಿಸುವ ಹಾಲೇಶಪ್ಪ ಬೀಡಿ ಆರಿಸಿ ಓಡಿಬಂದ. ಹರಪನಹಳ್ಳಿಯ ವಾರಪತ್ರಿಕೆ ಅದು. ಮಂಗಳವಾರಕ್ಕೊಮ್ಮೆ ಅದರಲ್ಲಿ 'ಕಣ್ಣಾರೆ ಕಂಡವನು' ಎಂಬ ಹೆಸರಿನ ಸಿನಿಮಾ ವಿಮರ್ಶೆ ಬರುತ್ತಿತ್ತು. ಚಿತ್ರ ಚೆನ್ನಾಗಿದೆ ಎಂದರೆ ಡೇರೆ ತುಂಬುತ್ತಿತ್ತು. ಇಲ್ಲವೆಂದರೆ ನಾಯಿಯೂ ಒಳಗೆ ಬರುತ್ತಿರಲಿಲ್ಲ.

"'ಮಧ್ಯಂತರದ ತನಕ ಚಿತ್ರ ಜನರನ್ನು ಹಿಡಿದು ಕೂರಿಸಿತು. ಆಮೇಲೆ ಕೈಬಿಟ್ಟಿತು. ತಾಯಂದಿರ ಮನಸ್ಸು ಕರಗಲಿಲ್ಲ.' ನಿಜ ಐತೇನಲೇ?"

"ನಿಜಾನ ಐತಿ ಸಾವ್ಕಾರ. ಅದಕ್ಕ ಸಿಟ್ಟು ಬರತೈತಿ."

ಇನ್ನೊಂದು ಚಿತ್ರ ಬಿದ್ದರೆ ಡೇರೆ ಕೀಳಬೇಕಿತ್ತು. ಉಳಿದಿದ್ದ ಊರು ಮಾಗಳ ಒಂದೇ. ಅಲ್ಲಿ ಜನ ಸಂಜೆಯಾದರೆ ಹೊಳೆ ನೋಡುತ್ತ ಕೂರುತ್ತಾರೆ, ಪುಕ್ಕಟೆಯಾಗಿ.

"ಒಂದು ವಿಚಿತ್ರ ನೋಡ್ರಿ," ಎಂದ ಹಾಲೇಶಪ್ಪ. "ಈ ಮನುಷ್ಯ ಕಥಿ ಹೇಳಲ್ಲ. ಹೀರೋನ ಹೆಸರೂ ಹೇಳಲ್ಲ."

"ದೊಡ್ಡ ವಿಮರ್ಶಕರು ಹಂಗ ಇರ್ತಾರಲೇ. ಸಣ್ಣ ಮಾತು ಆಡಲ್ಲ."

ಬೆನಕಪ್ಪ ಪತ್ರಿಕೆಯವರನ್ನು ವಿಚಾರಿಸಿದ್ದ. ಹೆಸರಿಲ್ಲದ ಕಾರ್ಡು ಬರುತ್ತದೆ, ಕೊಟ್ಟೂರಿನ ಅಂಚೆ ಮುದ್ರೆ ಇರುತ್ತದೆ, 'ಕಣ್ಣಾರೆ ಕಂಡವನು' ಎಂಬುದು ನಾವೇ ಇಟ್ಟ ಹೆಸರು ಎಂದಿದ್ದರು. ಅಂದರೆ ಊರಿನವನೇ. ಇಬ್ಬರ ಅನುಮಾನವೂ ಶಿವಯೋಗಪ್ಪ ಮೇಷ್ಟರ ಮೇಲೆ ಹೋಯಿತು. ಪ್ರತಿ ಶುಕ್ರವಾರ ಹೊಸ ಚಿತ್ರದ ಮೊದಲ ಆಟಕ್ಕೆ ಅವರು ಹಾಜರು. ಕೊನೆಯ ಕುರ್ಚಿ. ಕೈಯಲ್ಲಿ ನೋಟುಪುಸ್ತಕ. ತೆರೆಯನ್ನು ನೋಡುವುದು ಕಡಿಮೆ, ಜನರನ್ನು ನೋಡುವುದೇ ಹೆಚ್ಚು.

"ಜನರ ಮಾರಿ ನೋಡಿ ಸಿನಿಮಾ ಅಳಿತಾನ," ಎಂದ ಬೆನಕಪ್ಪ. "ಪಂಡಿತ!"

ಆ ಶುಕ್ರವಾರ ಮೇಷ್ಟರ ಕುರ್ಚಿಗೆ ದಿಂಬು ಬಂತು. ಮಂಡಕ್ಕಿ ಮಿರ್ಚಿ ಬಂತು. ಸೊಳ್ಳೆ ಓಡಿಸಲು ಬೆನಕಪ್ಪನೇ ಬೀಸಣಿಗೆ ಹಿಡಿದು ನಿಂತ.

"ಬರೀರಿ ಮೇಷ್ಟ್ರ, ಬ್ಯಾಡ ಅನ್ನಲ್ಲ. ಸ್ವಲ್ಪ ಕರುಣಿ ಇರಲಿ."

ಮೇಷ್ಟರು ಪುಸ್ತಕ ಮುಚ್ಚಿದರು. "ಕರುಣಿ ತೋರಿಸಿದ್ರ ಕೆಡ್ತಾರಪ್ಪ. ನಾಳಿಗೆ ಐತಿ ಎಲ್ಲಾರಿಗೂ."

ಬೆನಕಪ್ಪ ಬೀಸಣಿಗೆ ಕೆಳಗಿಟ್ಟ. ಜನ ನಗುನಗುತ್ತ ಕಂಡರೆ ಈ ಕಲ್ಲು ಕರಗೀತು ಎಂದುಕೊಂಡು ಎರಡು ಚೀಲ ಹುರಿದ ಶೇಂಗಾ ತರಿಸಿ ಡೇರೆಗೆಲ್ಲ ಪುಕ್ಕಟೆ ಹಂಚಿಸಿದ.

ಚಿತ್ರವೂ ಚೆನ್ನಾಗಿತ್ತು. ಹೆಂಗಸರ ಕಡೆ ಕೂತಿದ್ದ ಬಸಲಿಂಗಮ್ಮ ಎದೆ ಬಡಿದುಕೊಂಡು ಅತ್ತಳು. ಜನ ಕೂಗಿದರೆಂದು ಹಾಲೇಶಪ್ಪ ಒಂದು ಹಾಡನ್ನು ಎರಡು ಸಲ ಓಡಿಸಿದ.

ಮರುದಿನ ಬೆಳಿಗ್ಗೆ ಗಾದೆಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಮರಳು ಕಾಣುತ್ತಿರಲಿಲ್ಲ. ಎರಡು ಬುಟ್ಟಿಯಲ್ಲಿ ಮುಗಿಯುವುದು ಒಂಬತ್ತು ಬುಟ್ಟಿಯಾಯಿತು. ಮಲ್ಲಿಗೆ ಸಿಪ್ಪೆಯ ಅಡಿಯಲ್ಲಿ ಎಲ್ಲೋ ಹೂತುಹೋಗಿತ್ತು. ಅವಳು ಖಾಲಿ ಬಿಳಿ ತೆರೆಯನ್ನು ನೋಡಿ ಲೊಚಗುಟ್ಟಿದಳು.

"ಹೆಂಗೈತಿ ಗಾದೆವ್ವ?" ಬೆನಕಪ್ಪ ಹುರುಪಿನಲ್ಲಿದ್ದ.

"ಭಾಳ ಐತ್ರಿ."

"ಇರಲೇಳು, ನಿಮ್ಮವ್ವನ ಒಲಿಗೆ ತಿಂಗಳ ತನಕ ಆತು. ಹೋಗ್ತಾ ಈ ಕಾರ್ಡು ಡಬ್ಬಿಗೆ ಹಾಕು." ಚಿತ್ರ ಗೆದ್ದಿದೆ ಎಂದು ಹಂಚಿಕೆದಾರರಿಗೆ ಬರೆದಿದ್ದ. ಅವಳು ಹಾಕಿದಳು.

ಮಂಗಳವಾರ ಪತ್ರಿಕೆ ಬಂತು. "'ಇಂಥ ಚಿತ್ರ ಈ ಸೀಮೆಗೇ ಬಂದಿರಲಿಲ್ಲ!'" ಬೆನಕಪ್ಪ ಹಿಗ್ಗಿ ಓದಿದ. ಮುಂದಿನ ಸಾಲಿಗೆ ದನಿ ಕುಗ್ಗಿತು. "'ಮೊದಲಿನಿಂದ ಕೊನೆಯ ತನಕ ಒಂದು ಗಳಿಗೆಯೂ ಜನ ಮೈಮರೆಯಲಿಲ್ಲ. ಒಬ್ಬ ತಾಯಿಯೂ ಅಳಲಿಲ್ಲ.'"

ಹಾಲೇಶಪ್ಪ ಬಸಲಿಂಗಮ್ಮನ ಮನೆಗೇ ಹೋದ. "ಅಲ್ಲಬೇ ಯಕ್ಕ, ಎದಿ ಬಡಕೊಂಡು ಅತ್ತಿದ್ಯಲ್ಲ!"

"ಅತ್ತಿದ್ದೆ. ಪೇಪರಿನಾಗ ಅತ್ತಿಲ್ಲ ಅಂತ ಬಂದೈತಿ. ಕಣ್ಣಿಗೆ ಧೂಳ ಬಿದ್ದಿತ್ತೇನೋ, ಬಿಡಪ್ಪ."

ಅಂದಿನ ಆಟಕ್ಕೆ ಹನ್ನೊಂದು ಜನ. ಅದರಲ್ಲಿ ನಾಲ್ವರು ಉಜ್ಜಿನಿ ಬಸ್ಸು ತಪ್ಪಿಸಿಕೊಂಡವರು.

ಬೆನಕಪ್ಪ ಮೇಷ್ಟರ ಮನೆಗೆ ಹೋಗಿ ನೋಟುಪುಸ್ತಕ ಕಸಿದುಕೊಂಡ. ಪುಟ ಪುಟವೂ ಹುಡುಗರ ಹೆಸರು. ಓದು ಬಿಟ್ಟು ಸಿನಿಮಾಕ್ಕೆ ಬಂದವರು, ಮರುದಿನದ ಬೆತ್ತಕ್ಕೆ.

"ಸಿನಿಮಾ ಹೆಂಗಿತ್ರಿ ಮೇಷ್ಟ್ರ?"

"ಯಾವ ಸಿನಿಮಾ?" ಎಂದರು ಮೇಷ್ಟರು.

ಗುರುವಾರ ಡೇರೆ ಕಿತ್ತರು. ರೀಲಿನ ಪೆಟ್ಟಿಗೆ ಹರಪನಹಳ್ಳಿ ಬಸ್ಸು ಹತ್ತಿತು. ಪ್ರೊಜೆಕ್ಟರ್ ಗೋಣಿಯಲ್ಲಿ ಸುತ್ತಿಕೊಂಡು ಬಂಡಿಯಲ್ಲಿ ಕೂತಿತು. ಗಾದೆಮ್ಮ ಬಯಲನ್ನು ಕೊನೆಯ ಸಲ ಗುಡಿಸುತ್ತಿದ್ದಳು.

ಬೆನಕಪ್ಪ ಬಂಡಿಯ ಗಾಲಿಗೆ ಒರಗಿದ. "ಅವ ಸಿಕ್ರ ಹೊಡಿಯಲ್ಲ ಹಾಲೇಶ. ನಾನು ಎಲ್ಲಿ ತಪ್ಪಿದೆ ಅಂತ ಒಂದ ಮಾತು ಕೇಳ್ತೀನಿ."

"ಶೇಂಗಾ ಹಂಚಬಾರದಿತ್ರಿ," ಎಂದಳು ಗಾದೆಮ್ಮ.

ಇಬ್ಬರೂ ತಿರುಗಿದರು.

"ಸಿನಿಮಾ ಚಲೋ ಇದ್ರ ಜನ ತಿನ್ನೋದು ಮರೀತಾರ, ಸಿಪ್ಪಿ ಕಡಿಮಿ ಬೀಳತಾವ. ಮಧ್ಯಂತರಕ್ಕ ಎದ್ದು ತುಳಿದಾಡಿದ್ರ ಮೊದಲಿನವು ಮರಳಾಗ ಹೂಳತಾವ, ಆಮ್ಯಾಲಿನವು ಮ್ಯಾಲ ಉಳೀತಾವ. ಹೆಣ್ಮಕ್ಕಳು ಬಗ್ಗಿ ಅತ್ರ ಹೂವು ಉದುರತಾವ. ಅದನ್ನ ನೋಡಿ ಬರೀತಿದ್ದೆ. ನೀವು ಪುಕ್ಕಟೆ ಹಂಚೀರಿ ಅಂತ ಗೊತ್ತಾಗೋದ್ರೊಳಗ ನನ್ನ ಕಾರ್ಡು ಡಬ್ಬಿಗೆ ಬಿದ್ದಿತ್ತು."

ಗಾದೆಮ್ಮ ಪೊರಕೆ ಕೆಳಗಿಟ್ಟಳು. ಬಂಡಿಯ ಮೇಲೆ ಮಡಿಸಿಟ್ಟಿದ್ದ ತೆರೆಯನ್ನು ಒಂದು ಬೆರಳಿನಿಂದ ಮುಟ್ಟಿದಳು.

"ದೀಪ ಹಚ್ಚಿದ ಮ್ಯಾಲ ಅವ್ವ ಹೊರಗ ಬಿಡಲ್ರಿ. ಸಾವ್ಕಾರ್ರ, ಹೋಗೋದ್ರೊಳಗ ನನಗೂ ಒಂದು ಸಿನಿಮಾ ತೋರಸ್ರಿ. ಹೆಂಗಿರತೈತಿ ಅಂತ ಒಮ್ಮಿನೂ ನೋಡಿಲ್ಲ."