ಹನ್ನೊಂದು ಸಹಿ

ಹುಬ್ಬಳ್ಳಿಯ ಆ ಆಫೀಸಿನ ಹಾಜರಿ ಪುಸ್ತಕದಲ್ಲಿ ಹನ್ನೊಂದು ಹೆಸರುಗಳಿದ್ದವು. ದಿನವೂ ಬರುತ್ತಿದ್ದವಳು ನಾನೊಬ್ಬಳೇ. ಇಲ್ಲದ ನೌಕರರಿಗೆ ಸಂಬಳ ಕೊಟ್ಟಂತೆ ತೋರಿಸಿ ಸಾಹುಕಾರರು ತೆರಿಗೆ ತಪ್ಪಿಸುತ್ತಿದ್ದರು. ಬೇರೆ ಬೇರೆ ಪೆನ್ನು ಹಿಡಿದು ಹನ್ನೊಂದು ಸಹಿ ಹಾಕುವುದೇ ನನ್ನ ಕೆಲಸ.

"ಯಾರರ ಕೇಳಿದ್ರ ಏನರ ಹೇಳಿ ಕಳಸು. ಸಿಕ್ಕಿಬಿದ್ರ ನಿನ್ನ ನೌಕರಿ ಹೋತಂತ ತಿಳಕೋ," ಎಂದಿದ್ದರು ಸಾಹುಕಾರರು.

ಮೂರು ವರ್ಷ ಯಾರೂ ಕೇಳಲು ಬರಲಿಲ್ಲ. ಮಾತಿಗೆ ಬೇರೆ ಯಾರೂ ಇಲ್ಲದೆ, ಮಧ್ಯಾಹ್ನ ಆ ಹೆಸರುಗಳ ಜೊತೆಯೇ ಮಾತಾಡುತ್ತ ಬುತ್ತಿ ಬಿಚ್ಚುತ್ತಿದ್ದೆ.

ಒಂದು ದಿನ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು ಬಂದು ಪುಸ್ತಕ ತೆರೆದರು.

"ಜಿನದತ್ತ ಉಪಾಧ್ಯೆ ಎಲ್ಲಿ?"

"ಮಗಳನ್ನ ನೋಡಾಕ ಗಂಡಿನವರು ಬಂದಾರ್ರೀ. ಸಹಿ ಮಾಡಿದವರೇ ಮನಿಗೆ ಓಡಿದ್ರು."

"ಶಮೀಮ್ ಬಾನು?"

"ಬ್ಯಾಂಕಿಗೆ ಹೋಗ್ಯಾಳ್ರೀ. ಬರ್ತಾ ಮಿರ್ಚಿ ತರತೀನಿ ಅಂದಾಳ."

ಹೀಗೆ ಹನ್ನೊಂದು ಜನರ ಬಗ್ಗೆಯೂ ತಡವರಿಸದೆ ಹೇಳಿದೆ. ಒಂದೇ ದಿನ ಅಷ್ಟು ಮಾತು ನಾನು ಎಂದೂ ಆಡಿದವಳಲ್ಲ. ಅಧಿಕಾರಿ ನಕ್ಕು ಪೆನ್ನಿನ ಮುಚ್ಚಳ ಹಾಕಿದರು.

"ಛಲೋ ಮಂದಿ ಬಿಡ್ರಿ ನಿಮ್ಮವರು. ಎಲ್ಲಾ ಬರೋಬ್ಬರಿ ಐತಿ. ಹಾಂ, ನಿಮ್ಮ ಹೆಸರೇನ್ರಿ?"

ಹೇಳಿದೆ. ಅವರು ಪುಟದ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಎರಡು ಸಲ ಹುಡುಕಿದರು.

"ಇದರಾಗ ನೀವೊಬ್ಬರೇ ಇಲ್ಲಲ್ರೀ?"