ಮಲಗಿ ಕಲಿತ ಕುಣಿತ

ಮುಂಬಾಗಿಲಿಗೆ ಚಿಲಕ ಬಿದ್ದಿದೆಯೇ ಎಂದು ಶೇವಂತಿ ಇನ್ನೊಮ್ಮೆ ನೋಡಿ ಬಂದಳು. ಟಿವಿಯ ದನಿ ಪೂರ್ತಿ ಇಳಿಸಿದಳು. ಕ್ಯಾಸೆಟ್ಟನ್ನು ಒಳಗೆ ದೂಡಿದಳು. ಅತ್ತೆ ಕೆಂಪವ್ವ ಜಮಖಂಡಿ ಸಂತೆಗೆ ಹೋಗಿದ್ದಳು. ಬನಹಟ್ಟಿಯ ಆ ಓಣಿಯಲ್ಲಿ ಹಗಲೆಲ್ಲ ಮಗ್ಗಗಳ ಖಟಪಟ. ಗೋಡೆಯಾಚೆ ಯಾರು ಅತ್ತರೂ ನಕ್ಕರೂ ಕೇಳಿಸದು. ಅವಳಿಗೆ ಬೇಕಾಗಿದ್ದೂ ಅದೇ.

ತೆರೆಯ ಮೇಲೆ ಹೊಕ್ಕುಳ ತೋರಿಸಿಕೊಂಡು ಒಬ್ಬಳು ಬಂದು ನಿಂತಳು. ಬೆಲ್ಲಿ ಡಾನ್ಸ್ ಕಲಿಸುವ ಕ್ಯಾಸೆಟ್ಟು ಅದು. ದುಬೈಯಲ್ಲಿ ಲಾರಿ ಓಡಿಸುವ ಗಂಡ ಧರೆಪ್ಪ ಹಿಂದಿನ ರಜೆಗೆ ವಿಸಿಆರ್ ತಂದಾಗ ಅದರ ಬೆನ್ನಿಗೆ ಇದೂ ಬಂದಿತ್ತು. ಹೊಟ್ಟೆಗಾಗಿ ಕುಣಿಯುವವರಿಗೆ ನಮ್ಮ ಕಡೆ ಬರವಿಲ್ಲ. ಹೊಟ್ಟೆಯನ್ನೇ ಕುಣಿಸುವವಳನ್ನು ಮಾತ್ರ ಓಣಿ ಇನ್ನೂ ಕಂಡಿರಲಿಲ್ಲ. ದನಿ ಇಲ್ಲದಿದ್ದರೂ ಅವಳ ಪಾಠ ಶೇವಂತಿಗೆ ಬಾಯಿಗೆ ಬಂದಿತ್ತು. ‘ಬ್ರೀದ್ ಇನ್, ಮೈ ಡಾರ್ಲಿಂಗ್... ಎಂಡ್ ಹೋಲ್ಡ್’ ಎಂದು ಮೂಗಿನಲ್ಲೇ ರಾಗ ಎಳೆದು ಅಣಕಿಸುವಳು. ಆದರೆ ಆ ಅಣಕಕ್ಕೆ ಅವಳಿಗೇ ನಗು ಬಾರದು.

ಸೊಂಟ ತಿರುಗಿಸುವುದು, ಭುಜ ಅದುರಿಸುವುದು ಅವಳಿಗೆ ಬೇಕಿರಲಿಲ್ಲ. ಅವನ್ನೆಲ್ಲ ಮುಂದಕ್ಕೆ ಓಡಿಸಿಬಿಡುತ್ತಿದ್ದಳು. ಬೇಕಾದ ಪಾಠ ಒಂದೇ: ಹೆಜ್ಜೆ ಕದಲದೆ, ಮುಖ ಕದಲದೆ, ಹೊಟ್ಟೆಯೊಂದೇ ಚಣಕಾಲ ಮಿಸುಕಬೇಕು, ನೀರಿನೊಳಗೆ ಮೀನು ಹೊರಳಿದ ಹಾಗೆ. ಅದನ್ನು ಚಾಪೆಯ ಮೇಲೆ ಮಲಗಿಕೊಂಡೇ ಕಲಿಯುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ಮಥುರಾಬಾಯಿ ಕಿಟಕಿಯಲ್ಲಿ ಇಣುಕಿ ಎಲ್ಲವನ್ನೂ ನೋಡಿಬಿಟ್ಟಿದ್ದಳು. ಗಂಡ ಅಲ್ಲಿ ಇಂಥವರನ್ನು ನೋಡುತ್ತಾನೆಂದು ನೀನಿಲ್ಲಿ ಪೈಪೋಟಿಗಿಳಿದೆಯೋ ಎಂದು ಛೇಡಿಸಿದಳು. ಶೇವಂತಿ ತಲೆ ತಗ್ಗಿಸಿದಳು. ಮಥುರಾಬಾಯಿಗೆ ಅಷ್ಟು ಉತ್ತರ ಸಾಕಾಯಿತು. ಹೋಗುವಾಗ ಮಾತ್ರ ನಗು ಬಿಟ್ಟು ಹೇಳಿದಳು:

“ಐದು ತಿಂಗಳಂತ ಓಣಿಗೆಲ್ಲ ಸಕ್ಕರಿ ಹಂಚ್ಯಾರ ನಿಮ್ಮತ್ತಿ. ಕೂಸು ಹೋತು ಅಂದ್ರ ಆಕಿ ನಿನ್ನ ಬಿಡ್ತಾಳೇನು?”

ಬಿಡುವುದಿಲ್ಲವೆಂದು ಶೇವಂತಿಗೂ ಗೊತ್ತಿತ್ತು. ಮದುವೆಯಾಗಿ ಏಳು ವರ್ಷ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಮುಂದಿನ ರಜೆಗೆ ಮಗನಿಗೆ ಇನ್ನೊಂದು ಲಗ್ನ ಎಂದು ಕೆಂಪವ್ವ ಸಾವಳಗಿಯಲ್ಲಿ ಹೆಣ್ಣು ನೋಡಿಟ್ಟಿದ್ದಳು. ಧರೆಪ್ಪ ವಿಮಾನ ಹತ್ತಿದ ಮೇಲೆ ಸೊಸೆ ವಾಕರಿಸಿದ ಸುದ್ದಿಯೊಂದು ಆ ಮಾತನ್ನು ತಡೆಹಿಡಿದಿತ್ತು. ಅಂದಿನಿಂದ ತುಪ್ಪ, ಅಂಟಿನ ಉಂಡಿ. ಇಕ್ಕಿದ್ದನ್ನೆಲ್ಲ ಉಂಡು ಶೇವಂತಿ ಮೈ ತುಂಬಿಕೊಂಡಳು. ಎರೆದುಕೊಳ್ಳುವಾಗ ಅತ್ತೆ ಬೆನ್ನುಜ್ಜಲು ಬಂದರೆ ಮಾತ್ರ ನಾಚಿಕೆಯೆಂದು ಬಚ್ಚಲ ಬಾಗಿಲು ಹಾಕುತ್ತಿದ್ದಳು.

ಬೀಳಗಿಯಿಂದ ತಾಯಿ ಲಗಮವ್ವ ಆಗಾಗ ಬಂದುಹೋಗುತ್ತಿದ್ದಳು. ತಾಯಿ-ಮಗಳು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿದ್ದುದು ಹೆಚ್ಚಾಗಿ ಲಗ್ನಕ್ಕೆ ಬಂದ ತಂಗಿ ಸಾತವ್ವನ ಕುರಿತು. ಅವಳಿಗೆ ಕಾಮಣಿಯಾಗಿ ಕಣ್ಣು, ಮೈ ಎಲ್ಲ ಹಳದಿಯಾಗಿತ್ತಂತೆ. ಕಾಲೇಜು ಬಿಡಿಸಿ, ಗಾಳಿ ಬೆಳಕು ಸೋಕದಂತೆ ಒಳಕೋಣೆಯಲ್ಲಿ ಇಟ್ಟಿದ್ದರಂತೆ. ಬಸುರಿಯನ್ನು ನೋಡಲು ಬಂದವಳು ಕಾಮಣಿಯ ಸುದ್ದಿಯನ್ನೇ ಹೇಳುತ್ತಾಳೆಂದು ಕೆಂಪವ್ವ ಬೀಗತಿಯನ್ನು ಚುಚ್ಚುವುದೂ ಇತ್ತು.

ಇವತ್ತು ಶೇವಂತಿ ಮುಂಬಾಗಿಲನ್ನು ಎರಡು ಸಲ ನೋಡಿದ್ದಳು. ಹಿತ್ತಲ ಬಾಗಿಲನ್ನು ಮರೆತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಮಥುರಾಬಾಯಿ ಸಿಕ್ಕಿ, ಸಂತೆಗೆ ಹೊರಟವಳ ಕಿವಿಯಲ್ಲಿ ಊದಿದ್ದೂ ಅವಳಿಗೆ ತಿಳಿದಿರಲಿಲ್ಲ. ಮಗ್ಗದ ಸದ್ದಿನಲ್ಲಿ ಹೆಜ್ಜೆ ಕೇಳಲಿಲ್ಲ. ಕಣ್ಣು ತೆರೆದಾಗ ತೆರೆಯ ಮೇಲಿನವಳಿಗೂ ಅವಳಿಗೂ ನಡುವೆ ಕೆಂಪವ್ವ ನಿಂತಿದ್ದಳು.

ಅವಳು ಕೂಗಾಡಲಿಲ್ಲ. ಪ್ಲಗ್ಗು ಕಿತ್ತಳು.

“ಕುಣಿಸಿ ಕುಣಿಸಿ ನನ್ನ ಮೊಮ್ಮಗನ್ನ ಕೊಂದೀಯೇನ ಬೇ? ಖರೆ ಹೇಳು, ಒಳಗ ಅಲ್ಲಾಡತೈತಿಲ್ಲೋ?”

ಶೇವಂತಿ ಚಾಪೆಯಿಂದ ಏಳಲಿಲ್ಲ. “ನೀವ ನೋಡ್ರಿ ಅತ್ತಿ,” ಎಂದಳು.

ಓಣಿಯ ಅರ್ಧದಷ್ಟು ಮಕ್ಕಳು ಕೆಂಪವ್ವನ ಕೈಯಲ್ಲಿ ಹುಟ್ಟಿದವರು. ಡಾಕ್ಟರರ ಕೊಳವೆಗಿಂತ ತನ್ನ ಅಂಗೈ ವಾಸಿ ಎಂದು ಸೊಸೆಯನ್ನು ಈವರೆಗೆ ದವಾಖಾನೆಯ ಮೆಟ್ಟಿಲು ಹತ್ತಿಸಿರಲಿಲ್ಲ. ಈಗ ಚಾಪೆಯ ಮೇಲೆ ಕೂತು, ಸೆರಗು ಸರಿಸಿ, ಆ ಅಂಗೈಯನ್ನು ಸೊಸೆಯ ಹೊಟ್ಟೆಯ ಮೇಲಿಟ್ಟಳು.

ಏನೂ ಇಲ್ಲ. ಕೆಂಪವ್ವ ಅಂಗೈಯನ್ನು ಇನ್ನಷ್ಟು ಒತ್ತಿದಳು. ಶೇವಂತಿ ತೊಲೆಯನ್ನೇ ನೋಡುತ್ತಿದ್ದಳು. ತನ್ನೊಬ್ಬಳ ಬಾಳಿನ ಮಾತಾಗಿದ್ದರೆ ಅವಳು ಆಗಲೇ ಎದ್ದು ತವರಿನ ಹಾದಿ ಹಿಡಿಯುತ್ತಿದ್ದಳೇನೋ. ಉಸಿರು ಬಿಗಿಹಿಡಿದಳು.

ಅಂಗೈ ಕೆಳಗೆ ಏನೋ ಹೊರಳಿತು. ನಿಂತಿತು. ಮತ್ತೆ ಹೊರಳಿತು.

“ಒದ್ದಾ,” ಎಂದಳು ಕೆಂಪವ್ವ. ಕಣ್ಣು ತುಂಬಿ ಬಂದಿತ್ತು. “ನಮ್ಮ ಧರೆಪ್ಪನೂ ಹಿಂಗ ಒದೀತಿದ್ದ. ಅಪ್ಪನ ಬುದ್ಧಿನ ಬಂದೈತಿ.”

ಅಷ್ಟಾದ ಮೇಲೆ ಅವಳು ತಡಮಾಡಲಿಲ್ಲ. ಆ ಪೆಟ್ಟಿಗೆಯಿರುವ ಮನೆಯಲ್ಲಿ ಬಸುರಿಯನ್ನು ಇಟ್ಟುಕೊಳ್ಳುವುದು ಬೇಡವೆಂದು ಏಳನೆಯ ತಿಂಗಳ ಕುಬಸವನ್ನು ಐದರಲ್ಲೇ ಮಾಡಿ ಮುಗಿಸಿದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ, ಕರೆಯಲು ಬಂದ ಲಗಮವ್ವನ ಜೊತೆ ಬೀಳಗಿಯ ಬಸ್ಸು ಹತ್ತಿಸಿದಳು. ಚೊಚ್ಚಲ ಹೆರಿಗೆ ತವರಿನದು. ಬಾಣಂತಿಗೆ ಐದನೆಯ ದಿನದ ನೀರು ಬೀಳುವ ತನಕ ಅತ್ತೆಯಾದವಳು ಆ ಹೊಸ್ತಿಲು ತುಳಿಯುವ ಪದ್ಧತಿ ಅವರಲ್ಲಿರಲಿಲ್ಲ. ಬಸ್ಸು ಹೊರಟ ಮೇಲೂ ಕೆಂಪವ್ವ ಕಿಟಕಿಯ ಜೊತೆ ಓಡುತ್ತ, ಕೂಸಿನ ಬಗ್ಗೆ ಜ್ವಾಕಿ ಎಂದು ಹೇಳುತ್ತಲೇ ಇದ್ದಳು.

ಬೀಳಗಿಯಲ್ಲಿ ಲಗಮವ್ವ ಮಕ್ಕಳಿಬ್ಬರನ್ನೂ ಒಳಕೋಣೆಯಲ್ಲಿ ಬಿಟ್ಟು ಕದ ಮುಚ್ಚಿದಳು. ಗೋಡೆ ಹಿಡಿದು, ಐದು ತಿಂಗಳ ಹೊಟ್ಟೆಯನ್ನು ಮೊದಲು, ತನ್ನನ್ನು ಆಮೇಲೆ ಎತ್ತಿಕೊಂಡು ಸಾತವ್ವ ಮೆಲ್ಲಗೆ ಎದ್ದು ನಿಂತಳು. ಅಕ್ಕನ ಹಸಿರು ಬಳೆಗಳನ್ನು ಬಹಳ ಹೊತ್ತು ನೋಡಿದಳು.

“ಅಕ್ಕಾ, ಇದು ನಿನ್ನ ಕೂಸು ಅನ್ನಿಸಿಕೊಂಡ ಮ್ಯಾಲೂ, ಒಮ್ಮೊಮ್ಮಿ ನನಗ ಎತಗೊಳ್ಳಾಕ ಕೊಡ್ತೀ ಇಲ್ಲೋ?”