ಮೂರನೆಯ ಪಾಯಸ

ರವಿಕುಮಾರ್ ಪಾಯಸದ ಸೌಟು ಬಗ್ಗಿಸುವಷ್ಟರಲ್ಲಿ ಏಳು ವರ್ಷದ ಭವಾನಿ ಎರಡೂ ಅಂಗೈಗಳಿಂದ ತಟ್ಟೆ ಮುಚ್ಚಿಕೊಂಡಳು. ಪಂಕ್ತಿಯ ಕೊನೆಯ ತಟ್ಟೆ ಅದು. ಉಳಿದ ಮಕ್ಕಳೆಲ್ಲ ಆಗಲೇ ಬೇಡವೆಂದು ತಲೆಯಾಡಿಸಿದ್ದರು. ಅಂದು ಮಹಾಲಯ ಅಮಾವಾಸ್ಯೆ. ಹಿರಿಯರ ಹೆಸರಿನಲ್ಲಿ ಪದ್ಮನಾಭನಗರದ ಆ ಅನಾಥಾಲಯಕ್ಕೆ ಬೆಳಗಿನಿಂದ ಬಂದ ಮೂರನೆಯ ಊಟವಿದು.

ದಾನಿಗಳನ್ನು ಕಳಿಸಿಕೊಡುವ ಬಡಾವಣೆಯ ಪ್ರತಿಷ್ಠಾನದ ವನಿತಾ ಮೆಲ್ಲಗೆ ಕೇಳಿದಳು: "ಸಾರ್, ನಾಳೆ ಊಟಕ್ಕೆ ಯಾರೂ ಸಿಕ್ಕಿಲ್ಲ. ನೀವು ನಾಳೆ ಕೊಟ್ರೆ..."

"ನಾಳೆ ಕೊಟ್ರೆ ನಮ್ಮಪ್ಪನಿಗೆ ಮುಟ್ಟುತ್ತೇನಮ್ಮ? ಇವತ್ತು ಒಂದು ಮಗುವಾದ್ರೂ ತಿನ್ಲಿ, ನಾಳೆ ಊಟಾನೂ ನಂದೇ."

ಹೊಟ್ಟೆ ಬಿರಿಯುವಂತೆ ಉಂಡಿದ್ದ ಮಗುವಿನ ಮುಂದೆ, ನಾಳೆಯ ಹಸಿವಿಗಾಗಿ, ವನಿತಾ ಮಂಡಿಯೂರಿದಳು. "ಒಂದೇ ಒಂದು ಚಮಚ, ಪುಟ್ಟಿ. ನನಗೋಸ್ಕರ."

ಭವಾನಿ ಕೈ ತೆಗೆಯಲಿಲ್ಲ. "ಬೇಡ ಅಕ್ಕ."